ತಿದ್ದುಪಡಿಗಳು ಏಳು, ಅಂಕ ನಲವತ್ತೊಂದು

1.
ಎಲ್ಲಿಂದ ಶುರು ಮಾಡಲಿ? ಟೈಪ್‌ರೈಟರಿನ ಗಂಟೆಯಿಂದ ಶುರು ಮಾಡಿದರೆ, ಓ, ಹಳೆಯ ನೆನಪುಗಳ ಕಥೆ ಎಂದು ನೀವು ಮೊದಲ ಸಾಲಿನಲ್ಲೇ ನಿಟ್ಟುಸಿರು ಬಿಡುತ್ತೀರಿ. ಅಂಕಪಟ್ಟಿಯಿಂದ ಶುರು ಮಾಡಿದರೆ ನಿಮ್ಮ ಅಂಕಪಟ್ಟಿ ನೆನಪಾಗಿ ಪುಸ್ತಕ ಮುಚ್ಚಿಬಿಡುತ್ತೀರಿ. ಹಾಗಾಗಿ ಮೊದಲ ಕರಡಿನಲ್ಲಿ ನೇರವಾಗಿ ಹೀಗೆ ಬರೆದೆ:

ಅಕ್ಕನಿಗೆ ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಮೂವತ್ತೆಂಟು ಬಂದಿತ್ತು.

ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದ ಅಕ್ಕ ತಲೆಗೊಂದು ಮೊಟಕಿದಳು.

"ನಲವತ್ತೊಂದು ಕಣೇ!"

"ಮೂವತ್ತೆಂಟು ಅಂದ್ರೆ ಓದೋರ ಕರುಳು ಚುರುಕ್ ಅನ್ನುತ್ತೆ, ಅಕ್ಕ."

"ಅವರ ಕರುಳು ಚುರುಕ್ ಅನ್ನೋಕೆ ನನ್ನ ಮೂರು ಮಾರ್ಕ್ಸ್ ಯಾಕೆ ಹೋಗ್ಬೇಕು? ಒಂದ್ಸಲ ಕಳ್ಕೊಂಡಿದ್ದು ಸಾಲ್ದಾ?"

(ಪಾತ್ರಗಳು ಮನೆಯಲ್ಲೇ ಇದ್ದರೆ ಇದೇ ಗೋಳು. ಅಮ್ಮ ಬುದ್ಧಿವಂತೆ, ಮೊದಲೇ ಹೇಳಿಬಿಟ್ಟಳು: "ನನ್ನ ಸೇರಿಸ್ಬೇಡ. ಸೇರಿಸಿದ್ರೆ ಅಡುಗೆಮನೇಲೇ ನಿಲ್ಲಿಸ್ತೀಯ." ಆದ್ದರಿಂದ ಈ ಕಥೆಯಲ್ಲಿ ಅಮ್ಮ ಇಲ್ಲ. ಕೆಲಸಕ್ಕೆ ಹೋಗಿದ್ದಾಳೆ ಎಂದುಕೊಳ್ಳಿ. ನಿಜಕ್ಕೂ ಹೋಗಿದ್ದಾಳೆ.)

2.
ಸರಿ, ನಲವತ್ತೊಂದು. ಉಳಿದೆಲ್ಲ ವಿಷಯಗಳಲ್ಲಿ ಎಂಬತ್ತರ ಮೇಲೆ. ಯಾರಿಗೂ ಆ ನಲವತ್ತೊಂದು ದೊಡ್ಡದಾಗಿ ಕಾಣಲಿಲ್ಲ. ಅದು ಎರಡು ವರ್ಷ ಬೀರುವಿನೊಳಗೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ, ತಣ್ಣಗೆ ಮಲಗಿತ್ತು. ಅಕ್ಕ ಹನ್ನೆರಡನೆಯ ತರಗತಿ ಮುಗಿಸಿ ಕಾನೂನು ಓದಲು ಅರ್ಜಿ ತಂದ ದಿನ ಎದ್ದು ಕೂತಿತು.

ಅರ್ಜಿಯ ನಾಲ್ಕನೆಯ ಪುಟದಲ್ಲಿ ಹೀಗಿತ್ತು: ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಅಂಕಗಳನ್ನು ಒಟ್ಟಾಗಿ ಪರಿಗಣಿಸಲಾಗುವುದು. ಯಾವುದೇ ವಿಷಯದಲ್ಲಿ ಐವತ್ತಕ್ಕಿಂತ ಕಡಿಮೆ ಇದ್ದಲ್ಲಿ ಕಾರಣವನ್ನು ಒಂದು ಪುಟದಲ್ಲಿ ಬರೆದು ಲಗತ್ತಿಸುವುದು. ಕಾರಣ ತೃಪ್ತಿಕರವೆಂದು ಆಯ್ಕೆ ಸಮಿತಿಗೆ ತೋರದಿದ್ದರೆ ಅರ್ಜಿ ತಿರಸ್ಕೃತ.

ಹದಿನೈದನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಮೂರು ತಾಸು ಕೂತು ಬರೆದದ್ದಕ್ಕೆ ಹದಿನೇಳನೆಯ ವಯಸ್ಸಿನಲ್ಲಿ ಒಂದು ಪುಟ ಜವಾಬು. ಅಕ್ಕನ ಬಳಿ ಕಾರಣ ಇತ್ತು. ಆದರೆ ಅದು ಅವಳೊಬ್ಬಳದೇ ಆಗಿರಲಿಲ್ಲ.

2. (ಮತ್ತೆ)
ತಾಳಿ, ಅಪ್ಪನನ್ನು ಪರಿಚಯಿಸದೆ ಮುಂದೆ ಹೋದರೆ ಕಥೆ ನಿಲ್ಲುವುದಿಲ್ಲ.

ಅಪ್ಪ ಕೋರ್ಟಿನ ಗೇಟಿನ ಪಕ್ಕ, ತಗಡಿನ ಸೂರಿನ ಕೆಳಗೆ, ಟೈಪಿಸ್ಟ್. ವಕೀಲರು ಕೈಬರಹದ ಕರಡು ತಂದು ಕೊಡುತ್ತಿದ್ದರು, ಅಪ್ಪ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಮಾಡಿ ಕೊಡುತ್ತಿದ್ದರು. ಮೂರು ಹಾಳೆ, ನಡುವೆ ಎರಡು ಕಾರ್ಬನ್. ನಾನೂ ಅಕ್ಕನೂ ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಹೋಗುತ್ತಿದ್ದೆವು. ಕಾರ್ಬನ್ ಜೋಡಿಸುವುದು ನನ್ನ ಕೆಲಸ. ನನ್ನ ಬೆರಳ ತುದಿಗಳು ಸದಾ ನೀಲಿ. ಸಾಲಿನ ಕೊನೆಗೆ ಬರುವಾಗ ಯಂತ್ರ ಟಿಣ್ ಎನ್ನುತ್ತಿತ್ತು, ಅಪ್ಪ ಎಡಗೈಯಲ್ಲಿ ರಥ ತಿರುಗಿಸುವಂತೆ ಯಂತ್ರದ ಹಿಡಿಯನ್ನು ಎಳೆದು ಹೊಸ ಸಾಲಿಗೆ ಹೋಗುತ್ತಿದ್ದರು. (ಗಂಟೆ ಬಂದೇ ಬಿಟ್ಟಿತು. ನಿಟ್ಟುಸಿರು ಬಿಡಿ, ನಾನೂ ಬಿಟ್ಟೆ.)

ಆ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪ್ರಮಾಣಪತ್ರದಲ್ಲಿ ತಪ್ಪಾದರೆ ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಅದು ಏನಿತ್ತೆಂದು ಕೆಳಗೆ ಕಾಣುವಂತೆ. ಪಕ್ಕದ ಅಂಚಿನಲ್ಲಿ ಪುಟ್ಟ ಸಹಿ. ಪುಟದ ಕೊನೆಗೆ ಎಣಿಕೆ: ತಿದ್ದುಪಡಿಗಳು ಇಷ್ಟು. ಇಲ್ಲದಿದ್ದರೆ, ತಿದ್ದುಪಡಿಗಳು ಇಲ್ಲ.

"ತಪ್ಪು ಮಾಡೋದಕ್ಕೆ ನಾಚ್ಕೋಬಾರ್ದು, ಬಚ್ಚಿಡೋದಕ್ಕೆ ನಾಚ್ಕೋಬೇಕು. ಇದು ನನ್ನ ಮಾತಲ್ಲ, ಕಾನೂನು," ಎನ್ನುತ್ತಿದ್ದರು ಅಪ್ಪ.

ಅಪ್ಪ ಬಚ್ಚಿಟ್ಟದ್ದು ಒಂದೇ. ಅಕ್ಕ ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಅವರಿಗೆ ಓದಲು ಆಗುತ್ತಿರಲಿಲ್ಲ. ಎದುರು ನೋಡಿದರೆ ನಟ್ಟನಡುವೆ ಮಸಿ ಬಿದ್ದ ಹಾಗೆ, ಸುತ್ತಲಿನದು ಮಾತ್ರ ಕಾಣುತ್ತಿತ್ತು. ಬೆರಳುಗಳಿಗೆ ಕೀಲಿಗಳ ಜಾಗ ಗೊತ್ತು, ಆದರೆ ಕರಡಿನ ಒಂದಕ್ಷರವೂ ಕಾಣದು. ವಕೀಲರಿಗೆ ತಿಳಿದರೆ ಯಾರು ಕಾಗದ ಕೊಡುತ್ತಾರೆ? ಆದ್ದರಿಂದ ಎಲ್ಲರಿಗೂ "ಸಾಯಂಕಾಲ ಬನ್ನಿ" ಎಂದು ಕರಡು ತೆಗೆದಿಡುತ್ತಿದ್ದರು. ನಾಲ್ಕಕ್ಕೆ ಅಕ್ಕ ಬಂದು ಪಕ್ಕದ ಸ್ಟೂಲಿನಲ್ಲಿ ಕೂತು ಮೆಲ್ಲಗೆ ಓದುತ್ತಿದ್ದಳು. ಅಪ್ಪನ ಬೆರಳುಗಳು ಓಡುತ್ತಿದ್ದವು. ತಪ್ಪಾದರೆ ಗೆರೆ ಎಳೆದು ಅಂಚಿನಲ್ಲಿ ಸಹಿ ಹಾಕುತ್ತಿದ್ದವಳೂ ಅವಳೇ. ನೋಡಿದವರಿಗೆ ಮಗಳು ಪಾಠ ಒಪ್ಪಿಸುತ್ತಿದ್ದಾಳೆ ಅನ್ನಿಸಬೇಕು, ಹಾಗೆ. ಜಮೀನಿನ ಗಡಿ, ಗಂಡ ಹೆಂಡಿರ ಜಗಳ, ಬಾಡಿಗೆ ಮನೆಯ ಸೋರುವ ಸೂರು, ಎಲ್ಲವನ್ನೂ ಅವಳು ಅಲ್ಲೇ ಓದಿದಳು. ವಕೀಲಳಾಗಬೇಕೆಂಬ ಹುಚ್ಚು ಹಿಡಿದದ್ದೂ ಆ ಸ್ಟೂಲಿನ ಮೇಲೇ.

4.
(ಮೂರನೆಯ ಭಾಗದಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತು ಆಕಾಶ ನೋಡುತ್ತಾ ನ್ಯಾಯದ ಬಗ್ಗೆ ಎರಡು ಪುಟ ಯೋಚಿಸುತ್ತಿದ್ದಳು. ನಾನು ಅನುವಾದದ ಕಾದಂಬರಿಗಳನ್ನು ಜಾಸ್ತಿ ಓದಿದ್ದರ ಫಲ. "ನಾನ್ಯಾವತ್ತೇ ಆಕಾಶ ನೋಡ್ದೆ? ಅಲ್ಲಿ ತಗಡಿತ್ತು," ಎಂದಳು. ಹೊಡೆದು ಹಾಕಿದೆ.)

ಈಗ ಪರೀಕ್ಷೆ. ಸಮಾಜ ವಿಜ್ಞಾನದ ದಿನ ಅಕ್ಕ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದಳು. ಏಳು ಕಡೆ ತಪ್ಪಾಯಿತು. ಏಳು ಕಡೆಯೂ ಒಂದೇ ಗೆರೆ ಎಳೆದಳು, ಅಂಚಿನಲ್ಲಿ ಪುಟ್ಟದಾಗಿ ಸಹಿ ಹಾಕಿದಳು. ಕೊನೆಯ ಪುಟದ ಕೆಳಗೆ ನೀಟಾಗಿ ಬರೆದಳು: ತಿದ್ದುಪಡಿಗಳು ಏಳು.

ಉತ್ತರಪತ್ರಿಕೆಯೊಳಗೆ ಹೆಸರು, ಸಹಿ, ಯಾವ ಗುರುತೂ ಇರಬಾರದು. ಅದು ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತಿರುವ ನಿಯಮ. ಅಕ್ಕನಿಗೂ ಗೊತ್ತಿತ್ತು. ಆದರೆ ಕೈಗೆ ಗೊತ್ತಿರಲಿಲ್ಲ. ಮರುಪರಿಶೀಲನೆಗೆ ಹಾಕಿದಾಗ ಉತ್ತರ ಬಂತು: ಗುರುತಿರುವ ಪುಟಗಳಿಗೆ ಅಂಕ ಕೊಡಲಾಗಿಲ್ಲ.

5.
ಅರ್ಜಿಯ ಜೊತೆ ಹೋಗಬೇಕಿದ್ದ ಆ ಪುಟವನ್ನು ಟೈಪ್ ಮಾಡಲು ಅಪ್ಪನೇ ಕೂತರು. ನಾನು ಕಾರ್ಬನ್ ಜೋಡಿಸಿದೆ. ಈ ಸಂಭಾಷಣೆಯಲ್ಲಿ ನಾನು ಏನನ್ನೂ ಸೇರಿಸಿಲ್ಲ.

"ಅನಾರೋಗ್ಯದ ಕಾರಣದಿಂದ ಅಂತ ಹಾಕ್ತೀನಿ," ಎಂದರು ಅಪ್ಪ.

"ನಂಗೆ ಏನಾಗಿತ್ತು ಅಪ್ಪ? ಗುಂಡುಕಲ್ಲಿನ ಹಾಗಿದ್ದೆ."

"ಜ್ವರ ಯಾರಿಗೆ ಬರಲ್ಲಮ್ಮ?"

"ಸಹಿ ಹಾಕಿದ್ದಕ್ಕೆ ಮಾರ್ಕ್ಸ್ ಹೋಯ್ತು ಅಂತ ಬರೆದ್ರೆ ಆಯ್ತಲ್ಲ."

"ಯಾಕೆ ಹಾಕ್ದೆ ಅಂತ ಕೇಳ್ತಾರೆ. ನಮ್ಮಪ್ಪನ ಹತ್ರ ಕೂತು ಅಭ್ಯಾಸ ಆಗಿತ್ತು ಅಂತೀಯ. ದಿನಾ ಅಲ್ಲೇನು ಮಾಡ್ತಿದ್ದೆ ಅಂತಾರೆ. ಆಮೇಲೆ?"

ಅಪ್ಪ ಯಂತ್ರದಲ್ಲಿದ್ದ ಹಾಳೆಯ ಅಂಚನ್ನು ಬೆರಳಲ್ಲಿ ಸರಿಪಡಿಸಿದರು.

"ಸಮಿತಿಯಲ್ಲಿ ಮೂರು ಜನ. ಮೂವರೂ ನಮ್ಮ ಕೋರ್ಟಿನೋರೇ. ಅವರಲ್ಲಿ ಕೊಡೆ ವಕೀಲರಂತೂ ಹದಿನೆಂಟು ವರ್ಷದಿಂದ ನನ್ನ ಹತ್ರಾನೇ ಬರೋದು."

(ಕೊಡೆ ವಕೀಲರು: ಬಿಸಿಲಿರಲಿ, ಮೋಡವಿರಲಿ, ಕೈಯಲ್ಲಿ ಕೊಡೆ. ಬಿಚ್ಚಿದ್ದನ್ನು ಕಂಡವರಿಲ್ಲ. ಕರಡನ್ನು ಅಪ್ಪನ ಮೇಜಿನ ಮೇಲೆ ಎಸೆದು, ನಿಲ್ಲದೆ ಹೋಗಿಬಿಡುವವರು.)

"ಜನರ ಕೈಲಿ 'ಮೇಲಿನದೆಲ್ಲ ಸತ್ಯ' ಅಂತ ದಿನಾ ಬರೆಸೋರು ನೀವು," ಎಂದಳು ಅಕ್ಕ.

"ಅದು ಅವರವರ ಸತ್ಯ ಕಣಮ್ಮ. ನಂದು ಬರೀ ಬೆರಳು."

ಅನಾರೋಗ್ಯದ ಕಾರಣದಿಂದ. ಟಿಣ್.

ಅಪ್ಪ ಹಾಳೆ ತೆಗೆದು ಸಹಿಗೆಂದು ಅಕ್ಕನ ಕಡೆ ನೀಡಿದರು. ಅವಳು ಅದನ್ನು ಕೊನೆಯವರೆಗೆ ಓದಿದಳು. ಆಮೇಲೆ ಪೆನ್ನು ತೆಗೆದು ಆ ಎರಡು ಪದಗಳ ಮೇಲೆ ಒಂದೇ ಗೆರೆ ಎಳೆದಳು, ಅಂಚಿನಲ್ಲಿ ಸಹಿ ಹಾಕಿದಳು, ಕೆಳಗೆ ಕೈಯಲ್ಲಿ ಬರೆದಳು. ನಾನು ಪಕ್ಕದಲ್ಲೇ ಇದ್ದೆ, ಓದಿದೆ:

'ನನ್ನ ತಂದೆಗೆ ಓದಲು ಕಾಣುವುದಿಲ್ಲ. ನಾನು ಓದುತ್ತೇನೆ, ಅವರು ಟೈಪ್ ಮಾಡುತ್ತಾರೆ. ಇಷ್ಟು ದಿನ ಒಂದಕ್ಷರ ತಪ್ಪಾಗಿಲ್ಲ, ಆದದ್ದಕ್ಕೆಲ್ಲ ಸಹಿ ಇದೆ. ಅದೇ ಅಭ್ಯಾಸದಿಂದ ಪರೀಕ್ಷೆಯಲ್ಲೂ ಸಹಿ ಹಾಕಿದೆ.'

ಪೆನ್ನಿನ ಕರಕರ ಅಪ್ಪನಿಗೆ ಕೇಳಿಸದಿರಲು ಸಾಧ್ಯವೇ ಇಲ್ಲ. ಒಂದು ಸಹಿಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ. ಅವರು ಕೈಚಾಚಿ ಹಾಳೆ ವಾಪಸ್ಸು ತೆಗೆದುಕೊಂಡರು. ಯಂತ್ರಕ್ಕೆ ಏರಿಸಿದರು. ಕೊನೆಯ ಸಾಲಿನವರೆಗೆ ತಿರುಗಿಸಿದರು.

"ತಿದ್ದುಪಡಿ ಎಷ್ಟು?"

"ಒಂದು, ಅಪ್ಪ."

ಏನೆಂದು ಅವರು ಕೇಳಲಿಲ್ಲ. ಟೈಪ್ ಮಾಡಿದರು: ತಿದ್ದುಪಡಿಗಳು ಒಂದು.

6.
ಇನ್ನು ಮುಕ್ತಾಯ. ನಿಮಗೆ ಬೇಕಾಗಿರುವುದು ಗೊತ್ತು. ಸೀಟು ಸಿಕ್ಕಿತಾ ಇಲ್ಲವಾ?

ಮುಕ್ತಾಯ ಅ: ಸಮಿತಿ ಆ ಪುಟ ಓದಿ ಎದ್ದು ನಿಂತಿತು, ಅಕ್ಕನಿಗೆ ಸೀಟು ಸಿಕ್ಕಿತು.

ಮುಕ್ತಾಯ ಆ: 'ಕಾರಣ ತೃಪ್ತಿಕರವಾಗಿಲ್ಲ' ಎಂಬ ಸಾಲಿನೊಂದಿಗೆ ಅರ್ಜಿ ವಾಪಸ್ಸು ಬಂತು, ಅಕ್ಕ ಆ ಸ್ಟೂಲಿಗೇ ಮರಳಿದಳು.

ಅಕ್ಕ ಎರಡನ್ನೂ ಓದಿದಳು, ಎರಡರ ಮೇಲೂ ಒಂದೊಂದು ಗೆರೆ ಎಳೆದಳು. ಅಂಚಿನಲ್ಲಿ ಸಹಿ ಬೇರೆ.

"ಒಂದಾದ್ರೂ ನಿಜ ತಾನೇ ಅಕ್ಕ?"

"ಅದಕ್ಕೇ ಎರಡನ್ನೂ ಹೊಡೆದಿದ್ದು. ಒಂದನ್ನೇ ಹೊಡೆದ್ರೆ ಇನ್ನೊಂದು ನಿಜ ಅಂತ ಗೊತ್ತಾಗಲ್ವಾ? ನನ್ನ ಸೀಟು ನಿನ್ನ ಕಥೆಗೆ ಬಾಲ ಅಲ್ಲ."

(ಲಾ ಪಾಯಿಂಟ್ ಹಾಕಿದಳು. ಇದರಿಂದ ನೀವೇನೂ ಊಹಿಸಬೇಡಿ. ಅಪ್ಪನ ಪಕ್ಕ ಕೂತ ಯಾರಾದರೂ ಹೀಗೆ ಮಾತಾಡುತ್ತಾರೆ.)

ಹಾಗಾಗಿ ಮೂರನೆಯದನ್ನು ನಾನೇ ಕಲ್ಪಿಸಿದೆ. ನಿನ್ನೆ ಮಧ್ಯಾಹ್ನ ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಈಗ ಕೋರ್ಟಿಗೆ ಹೋಗುವುದಿಲ್ಲ. ಯಂತ್ರ ಕಿಟಕಿಯ ಹತ್ತಿರದ ಮೇಜಿನ ಮೇಲಿದೆ, ಅದರ ಮುಂದೆ ಕೂತೇ ಕೇಳುತ್ತಾರೆ. ಓದಿದೆ:

ಮುಕ್ತಾಯ ಇ: ಅರ್ಜಿ ಹೋಗಿ ಎರಡು ವಾರವಾಗಿತ್ತು. ನಾವಿಬ್ಬರೂ ಇಲ್ಲದ ಒಂದು ಬೆಳಿಗ್ಗೆ ಕೊಡೆ ವಕೀಲರು ಅಪ್ಪನ ಮೇಜಿನ ಬಳಿ ಬಂದರು. ಕರಡನ್ನು ಎಸೆಯಲಿಲ್ಲ. ಕೊಡೆಯನ್ನು ಮೇಜಿನ ಕಾಲಿಗೆ ಒರಗಿಸಿ ಅಕ್ಕನ ಸ್ಟೂಲಿನ ಮೇಲೆ ಕೂತರು. "ನನ್ನ ಕೈಬರಹ ನನಗೇ ತಿಳಿಯೋದಿಲ್ಲ ಮಾರಾಯ್ರೆ, ನಾನೇ ಓದ್ತೀನಿ, ನೀವು ಹೊಡೀರಿ," ಎಂದರು. ಅಂದಿನಿಂದ ಹಾಗೇ.

"ಇದು ನಡೀಲೇ ಇಲ್ಲ," ಎಂದಳು ಅಕ್ಕ ಬಾಗಿಲಲ್ಲಿ ನಿಂತು. "ನಡೆದಿದ್ರೆ ಅಪ್ಪ ಹೇಳ್ತಿರ್ಲಿಲ್ವಾ? ತೀರಾ ಸಿನಿಮಾ ಆಯ್ತು. ಹೊಡೆದು ಹಾಕು."

ನಾನು ಪೆನ್ನು ತೆಗೆದೆ. ಅಪ್ಪ ಕತ್ತು ವಾರೆ ಮಾಡಿದರು, ನಮ್ಮನ್ನು ನೋಡಬೇಕಾದಾಗ ಹಾಗೇ ಮಾಡುವುದು.

"ಕೊಡೆ ಎಲ್ಲಿಟ್ರು ಅಂದೆ?"

"ಮೇಜಿನ ಕಾಲಿಗೆ ಒರಗಿಸಿ."

"ಅಲ್ಲ. ತೊಡೆ ಮೇಲೆ ಅಡ್ಡಕ್ಕೆ ಇಟ್ಕೊಂಡಿದ್ರು. ಕೂತಷ್ಟು ಹೊತ್ತೂ."

ಅಕ್ಕ ಬಾಗಿಲಿನಿಂದ ಒಳಗೆ ಬಂದಳು. ನಾನು 'ಮೇಜಿನ ಕಾಲಿಗೆ ಒರಗಿಸಿ' ಎಂಬುದರ ಮೇಲೆ ಒಂದೇ ಗೆರೆ ಎಳೆದೆ, ಅದು ಏನಿತ್ತೆಂದು ನಿಮಗೂ ಕಾಣುವಂತೆ. ಅಂಚಿನಲ್ಲಿ ಸಹಿ ಹಾಕಿದೆ, ಜೀವನದಲ್ಲಿ ಮೊದಲ ಸಲ.

ಅಪ್ಪ ಹಾಳೆಯನ್ನು ಕೇಳಿ ತೆಗೆದುಕೊಂಡು ಯಂತ್ರಕ್ಕೆ ಏರಿಸಿದರು, ಕೊನೆಯವರೆಗೆ ತಿರುಗಿಸಿದರು, ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟರು.

"ತಿದ್ದುಪಡಿ ಎಷ್ಟು?"

ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು. ಎಣಿಸುತ್ತಿದ್ದೇವೆ ಅಪ್ಪ. ಇರಿ.