ನಡುಗೋಡೆ

ಬೀದಿಯವರೆಲ್ಲ ಬೇಕರಿಯವನೆಂದು ಕರೆದರೂ ಅವನಿಗೆ ಬೇಕರಿಯಿರಲಿಲ್ಲ. ಇನ್ನೊಬ್ಬರ ಒಲೆಯ ಮುಂದೆ ಬೆವರು ಸುರಿಸಿ ಬನ್ನು ತೆಗೆಯುವುದು ಅವನ ಕೆಲಸ. ಸ್ವಂತದ್ದೆಂದರೆ ಸಾಲ ಮಾಡಿ ಕೊಂಡ ಮನೆಯೊಂದೇ, ಅದೂ ಪೂರ್ತಿ ಅವನದಲ್ಲ. ಇವತ್ತು ಮನೆಗೆ ಬರುವ ಬೆಲೆಯಲ್ಲಿ ಬಾಕಿ ಸಾಲ ಕಳೆದರೆ ಉಳಿಯುವುದಷ್ಟೇ ತನ್ನ ಪಾಲು ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಹೊಟ್ಟೆ ಬಟ್ಟೆ ಕಟ್ಟಿ, ಕಂತಿನ ಮೇಲೆ ಚೂರುಪಾರು ಹೆಚ್ಚಿಗೆ ಕಟ್ಟಿದಾಗೆಲ್ಲ ಹೆಂಡತಿಯ ಮುಂದೆ ಜಂಬ ಕೊಚ್ಚುತ್ತಿದ್ದ.

"ಬಚ್ಚಲುಮನೆ ನಮ್ದಾಯ್ತು ಕಣೆ. ಇನ್ಮೇಲೆ ಬ್ಯಾಂಕಿನವ್ರನ್ನ ಕೇಳ್ದೆ ಸ್ನಾನ ಮಾಡ್ಬಹುದು."

"ಅಡುಗೆಮನೆ ಯಾವಾಗ್ರೀ? ಬ್ಯಾಂಕಿಗೆ ಬೇಯಿಸಿ ಹಾಕಿ ನಂಗೂ ಸಾಕಾಗಿದೆ."

ಹೀಗೆ ನಗುನಗುತ್ತ ಆ ಮನೆಯನ್ನು ಒಂದೊಂದೇ ಕೋಣೆಯಾಗಿ ತಮ್ಮದು ಮಾಡಿಕೊಳ್ಳುತ್ತಿದ್ದರು. ಈಗ ಆ ಪಾಲನ್ನು ಅಡವಿಟ್ಟು ಇನ್ನೊಂದು ಸಾಲ ಎತ್ತಿ ಸ್ವಂತ ಬೇಕರಿ ತೆರೆಯುವ ಆಸೆ. ಬ್ಯಾಂಕಿನವರು ಹೂಂ ಅಂದಿದ್ದರು. ಬೆಲೆ ಕಟ್ಟುವ ಎಂಜಿನಿಯರು ಬಂದು ಮನೆ ನೋಡುವುದೊಂದು ಬಾಕಿಯಿತ್ತು.

ಆಗಲೇ ಪಕ್ಕದ ಮನೆಯ ನರ್ಸಕ್ಕ ಮನೆ ಮಾರಲು ಹೊರಟದ್ದು. ಎರಡು ಮನೆಗೂ ನಡುವೆ ಒಂದೇ ಗೋಡೆ. ಕಿಟಕಿ, ಮೆಟ್ಟಿಲು, ಅಳತೆ ಎಲ್ಲ ಒಂದೇ ಅಚ್ಚು. ನರ್ಸಕ್ಕ ಒಂಟಿ ಜೀವ, ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದವಳು. ಬೇರೆ ಊರಿನಲ್ಲಿ ಅವಳ ತಂಗಿ ಹಾಸಿಗೆ ಹಿಡಿದಿದ್ದಳು.

"ಬಂದಷ್ಟಕ್ಕೆ ಕೊಟ್ಟು ಹೊರಟ್ಬಿಡ್ತೀನಪ್ಪ. ಅವಳ ಔಷಧಿಗೂ ದುಡ್ಡು ಬೇಕು. ಜೀವಮಾನವೆಲ್ಲ ಕಂಡೋರ ಮೈ ಒರೆಸಿದೀನಿ. ನನ್ನ ತಂಗಿ ಮೈನ ಕಂಡೋರು ಒರೆಸೋ ಹಾಗಾಗ್ಬಾರ್ದು," ಎಂದಳು.

ಬಂದಷ್ಟಕ್ಕೆ! ಬೇಕರಿಯವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪಕ್ಕದ ಮನೆ ಎಷ್ಟಕ್ಕೆ ಹೋಯಿತೆಂದೇ ಎಂಜಿನಿಯರು ಮೊದಲು ಕೇಳುವುದು. ಅದು ಅಗ್ಗಕ್ಕೆ ಹೋದರೆ ಇದರ ಬೆಲೆಯೂ ಇಳಿಯುತ್ತದೆ. ಸಾಲ ಮಾತ್ರ ಇಳಿಯುವುದಿಲ್ಲ. ಗೆದ್ದ ಕೋಣೆಗಳೆಲ್ಲ ಮತ್ತೆ ಬ್ಯಾಂಕಿನವು, ಬೇಕರಿಯ ಆಸೆಗೆ ಎಳ್ಳುನೀರು. "ಸ್ವಲ್ಪ ದಿನ ತಡೀರಿ ಅಕ್ಕ" ಎಂದು ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ, ಮಹಾನುಭಾವ.

ನರ್ಸಕ್ಕನ ಮನೆ ಕೊಳ್ಳಲೆಂದು ಬಂದು, ನೋಡಿ ಹೊರಬಂದ ಗಂಡ ಹೆಂಡಿರು ಅವನನ್ನೇ ವಿಚಾರಿಸಿದರು. ಅವರಿಗೆ ಮನೆ ಹಿಡಿಸಿತ್ತು.

"ಎಲ್ಲ ಚೆನ್ನಾಗಿದೆ. ನಡುಗೋಡೆ ಮಾತ್ರ ನೀರು ಕುಡಿಯತ್ತೆ," ಎಂದು ದನಿ ತಗ್ಗಿಸಿದ. "ನಾನು ಹೇಳ್ದೆ ಅಂತ ಹೇಳ್ಬೇಡಿ ಮತ್ತೆ."

ಆ ಗೋಡೆಗೆ ಎರಡೂ ಕಡೆ ಗಾರೆ ಬಳಿದವನು ಅವನೇ. ತೇವವೆಂಬುದನ್ನೇ ಕಾಣದ ಗೋಡೆ ಅದು. ನಾಲ್ಕು ದಿನ ತಡವಾದರೆ ಯಾರ ಗಂಟೂ ಹೋಗುವುದಿಲ್ಲ, ಬೇರೆ ಗಿರಾಕಿ ಬಂದೇ ಬರುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗಂಡ ಹೆಂಡಿರು ಮತ್ತೆ ಆ ಬೀದಿಗೆ ತಲೆ ಹಾಕಲಿಲ್ಲ.

ಎಂಜಿನಿಯರು ಬಂದ. ಟಾರ್ಚು ಹಿಡಿದು ಮೂಲೆಮೂಲೆ ನೋಡಿ, ನಡುಗೋಡೆಯ ಮುಂದೆ ನಿಂತ.

"ಇದು ನೀರು ಹಿಡಿಯತ್ತಂತೆ? ಪಕ್ಕದ ಮನೆ ನೋಡ್ಕೊಂಡು ಹೋದೋರು ಸಾಲ ಕೇಳೋಕೆ ನಮ್ಮ ಬ್ಯಾಂಕಿಗೇ ಬಂದಿದ್ದಾಗ ಹೇಳ್ತಿದ್ರು."

ಬಾಗಿಲಲ್ಲಿ ನಿಂತಿದ್ದ ನರ್ಸಕ್ಕ ದಡಬಡ ಒಳಗೆ ಬಂದಳು.

"ಯಾವನ್ರೀ ಹಾಗಂದೋನು? ಅವನ ಬಾಯಿಗೆ ಹುಳ ಬೀಳ! ಇವನು ರಜೆ ದಿನವೆಲ್ಲ ಕೂತು ಬಳಿದ ಗೋಡೆ ಇದು. ನನ್ನ ಮಂಚ ಇದಕ್ಕೇ ತಾಗಿದೆ. ಬನ್ನಿ, ಆ ಕಡೆಯಿಂದ್ಲೂ ನೋಡಿ."

ಎಂಜಿನಿಯರು ಆ ಕಡೆಯಿಂದಲೂ ಅಂಗೈಯಿಟ್ಟು ನೋಡಿದ. ಒಳ್ಳೆಯ ಬೆಲೆಯನ್ನೇ ಕಟ್ಟಿದ.

ಸಾಲ ಮಂಜೂರಾದ ಸಂಜೆ ಹೆಂಡತಿ ಕುಣಿದಾಡುವುದೊಂದು ಬಾಕಿ. ಅವನು ಮಾತ್ರ ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಎದ್ದ. ಹೇಳಿಬಿಡಬೇಕು, ಉಗಿದರೆ ಉಗಿಯಲಿ ಎಂದುಕೊಂಡು ಪಕ್ಕದ ಬಾಗಿಲು ತಟ್ಟಿದ.

ನರ್ಸಕ್ಕ ಊರಿಗೆ ಹೊರಡಲೆಂದು ಕಟ್ಟಿಟ್ಟಿದ್ದ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು.

"ತಂಗಿನ ಅಲ್ಲಿ ಅಕ್ಕಪಕ್ಕದೋರು ಯಾವ್ದೋ ಆಶ್ರಮಕ್ಕೆ ಸೇರಿಸಿದ್ರಂತೆ. ಎಷ್ಟು ದಿನಾಂತ ನನಗೋಸ್ಕರ ಕಾಯ್ತಾರೆ, ಪಾಪ," ಎಂದಳು. ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. "ಇನ್ನೊಂದು ಗಿರಾಕಿ ಬಂದ್ರೆ ನೀನೇ ಒಂದ್ಮಾತು ಹೇಳಪ್ಪ, ಗೋಡೆ ಗಟ್ಟಿಯಾಗಿದೇಂತ. ನಿನ್ನ ಮಾತಂದ್ರೆ ಜನ ನಂಬ್ತಾರೆ."

"ಹೇಳ್ತೀನಕ್ಕ," ಎಂದ. ಅವಳ ಪಕ್ಕದಲ್ಲಿ ಕೂತು ಇನ್ನೊಂದು ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದ.