ಅಳದ ಕೂಸಿಗೆ ಮೊದಲ ಪಾಳಿ

ಅಳದ ಕೂಸಿಗೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುತ್ತಾರೆ ನಮ್ಮ ಹಿರಿಯರು. ಈ ಮಾತನ್ನು ತಲೆಕೆಳಗು ಮಾಡುವುದೇ ನನ್ನ ನೌಕರಿ. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಉದಗೀರದ ಒಂದು ಮಕ್ಕಳ ದವಾಖಾನೆಯಲ್ಲಿ ನಾನು ನರ್ಸ್. ಬಾಗಿಲಲ್ಲಿ ನಿಂತು, ಬಂದ ಮಕ್ಕಳನ್ನೆಲ್ಲ ಒಮ್ಮೆ ನೋಡಿ, ಯಾರು ಈಗಲೇ ಒಳಗೆ ಹೋಗಬೇಕು, ಯಾರು ಕಾಯಬಹುದು ಎಂದು ಹೇಳಬೇಕು. ಗಂಟಲು ಹರಿಯುವಂತೆ ಕಿರುಚುವ ಮಗು ಕಾಯಬಹುದು. ಕಿರುಚಲು ಅದಕ್ಕೆ ಉಸಿರಿದೆ, ಕಸುವಿದೆ. ಸುಮ್ಮನೆ ಬಿದ್ದುಕೊಂಡ ಮಗುವನ್ನು ಕಂಡರೆ ಮಾತ್ರ ನಾನು ಓಡುತ್ತೇನೆ. ಇದನ್ನು ಜನರಿಗೆ ಹೇಳಿ ಹೇಳಿ ಸಾಕಾಗಿದೆ. ಕಿರುಚುವ ಮಗುವಿನ ಅಪ್ಪ ಮಗನಿಗಿಂತ ಜೋರಾಗಿ ಕಿರುಚುತ್ತಾನೆ. ಸುಮ್ಮನಿರುವ ಮಗುವಿನ ಅಜ್ಜಿ ಮೂಲೆಯಲ್ಲಿ ತಾನೂ ಸುಮ್ಮನೆ ಕೂತಿರುತ್ತಾಳೆ.

ನನ್ನ ಹೆಸರು ಮನೀಷಾ, ಜಂಗಮರ ಮನೆಯ ಸೊಸೆ. ದವಾಖಾನೆಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಮನೆಯಲ್ಲಿ ಮಾವನವರ ಎದುರು ನಾನು ಮೂಗಿ. ಮಾವ ವಿಶ್ವನಾಥಯ್ಯನವರು ಸುತ್ತಲಿನ ಹಳ್ಳಿಗಳಲ್ಲಿ ಭಕ್ತರ ಮನೆಗಳಿಗೆ ಹೋಗಿ ಪೂಜೆ ಮಾಡಿಸುವ ಅಯ್ಯನವರು. ಸೊಸೆ ಮಾವನ ಜೊತೆ ನೇರವಾಗಿ ಮಾತಾಡಬಾರದೆಂಬುದು ನಮ್ಮ ಮನೆಯ ರಿವಾಜು. ಹಾಗಾಗಿ ನನ್ನ ಮೂರು ವರ್ಷದ ಮಗ ರೇಣುವೇ ನಮ್ಮಿಬ್ಬರ ಟೆಲಿಫೋನು. ಅಜ್ಜನಿಗೆ ಚಹಾ ಬೇಕೇನು ಕೇಳು ಎಂದು ನಾನು ಅವನಿಗೆ ಹೇಳುತ್ತೇನೆ. ಎರಡು ಮಾರು ದೂರದಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಅಜ್ಜ, ಸಕ್ಕರೆ ಕಮ್ಮಿ ಹಾಕಲು ಅವ್ವನಿಗೆ ಹೇಳು ಎಂದು ಅವನಿಗೇ ಹೇಳುತ್ತಾರೆ. ಅವನು ಹುಟ್ಟುವ ಮುಂಚೆ ಇಬ್ಬರೂ ಗೋಡೆಗೆ ಹೇಳುತ್ತಿದ್ದೆವು.

ಹಸಿ ಕಡಲೆಯ ದಿನಗಳು. ಅವತ್ತು ಮಾವನವರು ವಲಾಂಡಿಗೆ ಪೂಜೆಗೆ ಹೋಗುವಾಗ ರೇಣುವನ್ನೂ ಕರೆದೊಯ್ದಿದ್ದರು. ಆ ಮನೆಯವರು ಪ್ರೀತಿಯಿಂದ ಒಂದು ಹಿಡಿ ಕಡಲೆಗಿಡ ಕಿತ್ತು ಕೊಟ್ಟರಂತೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ನನ್ನ ಮಗನಿಗೆ ಎರಡೂ ಇದ್ದವು. ಆದರೂ ಅವನು ಒಂದು ಕಾಳನ್ನು ಮೂಗಿನೊಳಗೆ ತುರುಕಿಕೊಂಡ.

ಮಾವನವರು ಅವನನ್ನು ಎತ್ತಿಕೊಂಡು ನಮ್ಮ ದವಾಖಾನೆಗೆ ಬಂದಾಗ ನಾನು ಬಾಗಿಲಲ್ಲಿ ಇರಲಿಲ್ಲ. ಜ್ವರ ನೆತ್ತಿಗೇರಿ ಫಿಟ್ಸ್ ಬಂದ ಒಂದು ಹುಡುಗಿಯ ಜೊತೆ ಒಳಗಿದ್ದೆ. ಅವಳು ಕಣ್ಣು ತೆರೆದು ನೀರು ಕೇಳಿದ ಮೇಲೆ ಹೊರಗೆ ಬಂದರೆ, ವರಾಂಡ ಕಿತ್ತುಹೋಗುವಂತೆ ಒಂದು ಮಗು ಅರಚುತ್ತಿದೆ. ಹೆತ್ತ ಕರುಳಿಗೆ ಗುರುತು ಹತ್ತದೆ ಇರುತ್ತದೆಯೇ?

ನೋಡಿದರೆ ಮಾವನವರು ಪಾಳಿಯಲ್ಲಿ ಎಲ್ಲರಿಗಿಂತ ಮುಂದೆ, ಬಾಗಿಲಿಗೆ ಅಡ್ಡವಾಗಿ ನಿಂತಿದ್ದಾರೆ. ಅವರ ತಪ್ಪಲ್ಲ. ನಮ್ಮ ಕಡೆ ಅಯ್ಯನವರು ಪಾಳಿ ಹಚ್ಚುವ ಪದ್ಧತಿಯೇ ಇಲ್ಲ. ಊಟದ ಪಂಕ್ತಿಯಲ್ಲಿ ಮೊದಲ ತಾಟು ಅವರದು, ಶೇರ್ ಆಟೋದಲ್ಲಿ ಮುಂದಿನ ಸೀಟು ಅವರದು. ಹೆಗಲ ಮೇಲಿನ ಕಾವಿ ಶಲ್ಯ, ಹಣೆಯ ವಿಭೂತಿ ಕಂಡೊಡನೆ ಬೆಂಚಿನ ಜನವೆಲ್ಲ ಎದ್ದು ನಿಂತಿತ್ತು. ವಾಚಮನ್ ಮನೋಜ "ಯಾ ಮಹಾರಾಜ, ಪುಢೆ ಯಾ" ಎಂದು ಮರಾಠಿಯಲ್ಲಿ ಕೈಮುಗಿದು ಅವರನ್ನು ಮುಂದೆ ತಂದು ನಿಲ್ಲಿಸಿದ್ದ.

ಮೂಗಿನಲ್ಲಿ ಕಡಲೆ ಸಿಕ್ಕಿದೆಯಂತೆ ಎಂದು ಮನೋಜ ಹೇಳಿದ. ನಾನು ಮಗನನ್ನು ನೋಡಿದೆ. ಕೆನ್ನೆ ಟೊಮೆಟೊ ಆಗಿತ್ತು, ಉಸಿರು ಸರಾಗವಾಗಿತ್ತು, ಕಾಲು ಅಜ್ಜನ ಹೊಟ್ಟೆಯನ್ನು ಒದೆಯುತ್ತಿತ್ತು. ನರ್ಸಿನ ಕಣ್ಣಿಗೆ ಇದು ಆರಾಮಾಗಿ ಕಾಯುವ ಕೇಸು. ಆದರೆ ಅವ್ವನ ಕರುಳು ಬೇರೆಯೇ ಹೇಳುತ್ತಿತ್ತು. ಜನರೂ ಮೊದಲು ಅಯ್ಯನವರದು ಆಗಲಿ ಎನ್ನುತ್ತಿದ್ದರು. ಊರೇ ಒಪ್ಪಿದ ಮೇಲೆ ನನ್ನದೇನು ತಕರಾರು ಎಂದು ಮಗನತ್ತ ಕೈ ಚಾಚಿಯೂಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನಾನು ಅವನ ಅವ್ವ ಮಾತ್ರ ಆಗಿದ್ದೆ.

ಆದರೆ ಹಾಳು ರೂಢಿ ಬಿಡಬೇಕಲ್ಲ. ಕೈ ಮಗನ ಕಡೆ ಇದ್ದರೂ ಕಣ್ಣು ಪಾಳಿಯ ಕೊನೆಯವರೆಗೆ ಒಂದು ಸುತ್ತು ಹೋಗಿ ಬಂತು. ಕೊನೆಯ ಬೆಂಚಿನಲ್ಲಿ ಒಬ್ಬ ಮುದುಕಿ ಕರಿಕಂಬಳಿಯ ಗಂಟೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಗಂಟಿನೊಳಗಿಂದ ಸದ್ದೂ ಇಲ್ಲ, ಮಿಸುಕಾಟವೂ ಇಲ್ಲ. ನಾನು ಅಲ್ಲಿಗೆ ಓಡಿದೆ.

ಅವಳು ಮಾಳವ್ವ. ನಿಲಂಗಾ ಕಡೆಯ ಹೊಲವೊಂದರಲ್ಲಿ ಅವರ ಕುರಿಹಿಂಡು ಬೀಡುಬಿಟ್ಟಿತ್ತು. ಕಂಬಳಿಯಲ್ಲಿ ಇದ್ದದ್ದು ಎಂಟು ತಿಂಗಳ ಮೊಮ್ಮಗ ಗುರುನಾಥ. ಅವನ ತಾಯಿ ಚೀಟಿ ಮಾಡಿಸಲು ಹೋಗಿ ಕೌಂಟರಿನ ಉದ್ದ ಪಾಳಿಯಲ್ಲಿ ಸಿಕ್ಕಿಕೊಂಡಿದ್ದಳು. ನಿನ್ನೆಯಿಂದ ವಾಂತಿ, ಭೇದಿ. ಪಾಳಿಯಲ್ಲಿ ಮೊದಲು ಇದ್ದವರು ಇವರೇ ಎಂದು ಪಕ್ಕದವರು ಹೇಳಿದರು. ಅಯ್ಯನವರು ಬಂದದ್ದೇ ತಡ, ಮುದುಕಿ ಎದ್ದು ತನ್ನ ಜಾಗ ಬಿಟ್ಟು, ಅವರ ಎದುರು ಕೂರಬಾರದೆಂದು ಹಿಂದಕ್ಕೆ ಬಂದು ಕೂತಿದ್ದಳು.

"ಈಗ ಸುಮ್ಮನಾಗ್ಯಾನ್ರಿ, ಸಿಸ್ಟರಬಾಯಿ," ಎಂದಳು ಮಾಳವ್ವ ಸಮಾಧಾನದಿಂದ. "ಮುಂಜಾನಿತನ ಭಾಳ ಅತ್ತ. ಅಯ್ಯನೋರ್ದು ಆಗ್ಲಿ, ನಾವು ಕುಂತಿರ್ತೀವಿ."

ಕಂಬಳಿ ಸರಿಸಿದೆ. ಬೀರಪ್ಪ ದೇವರ ಭಂಡಾರದ ಅರಿಶಿನ ಹಣೆ ಕೆನ್ನೆಗೆಲ್ಲ ಹಚ್ಚಿದ್ದರಿಂದ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಅರಿಶಿನದ ಕೆಳಗೆ ಯಾವ ಬಣ್ಣ ಇದೆಯೋ ಯಾರಿಗೆ ಗೊತ್ತು. ಪಾದ ಮುಟ್ಟಿದೆ, ತಣ್ಣಗಿತ್ತು. ಎದೆಯ ಮೇಲೆ ಬೆರಳಿಟ್ಟು ಒತ್ತಿ ಬಿಟ್ಟೆ. ಬಿಳಿಚಿದ ಜಾಗಕ್ಕೆ ರಕ್ತ ಮರಳಿ ಬರಲು ಒಲ್ಲದು. ಕಣ್ಣು ಗುಳಿ ಬಿದ್ದಿತ್ತು. ಹೆಸರು ಹಿಡಿದು ಕರೆದರೂ ಮಗು ನನ್ನತ್ತ ನೋಡಲಿಲ್ಲ.

ಕಂಬಳಿ ಸಮೇತ ಎತ್ತಿಕೊಂಡು ಓಡಿದೆ. ಬಾಗಿಲಿಗೆ ಅಡ್ಡವಾಗಿ ಮಾವನವರು, ಅವರ ಸುತ್ತ ಕೈಮುಗಿದ ಜನ. ನಮ್ಮ ಟೆಲಿಫೋನು ಬೊಬ್ಬೆ ಹೊಡೆಯುತ್ತಿತ್ತು. ಅದರ ಮೂಲಕ ಹೇಳುವಂತಿರಲಿಲ್ಲ.

"ಮಾವನೋರ, ಬಾಗಲಾ ಬಿಡ್ರಿ," ಎಂದೆ. "ನಮ್ದು ಅಳ್ಲಾಕತ್ತದ, ಕಾಯ್ತದ. ಇದು ಸುಮ್ಮನಾಗ್ಯಾದ, ಕಾಯಂಗಿಲ್ಲ."

ಮದುವೆಯಾದಾಗಿನಿಂದ ಅವರಿಗೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು, ಅದೂ ತಲೆಯ ಮೇಲೆ ಸೆರಗಿಲ್ಲದೆ, ಅವರ ಭಕ್ತರ ಎದುರಿಗೆ. ಮಾವನವರು ಗೋಡೆಗೆ ಅಂಟಿಕೊಂಡರು. ಮನೋಜನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

ಒಳಗೆ ಡಾಕ್ಟರ್ ನೀಲಗಂಗಾ ಒಂದು ಸಲ ನೋಡಿ, ಏನೂ ಕೇಳದೆ ಕೆಲಸ ಶುರು ಮಾಡಿದರು. ಮೂಗಿಗೆ ಆಕ್ಸಿಜನ್ ಹಚ್ಚಿದೆವು. ಮೈಯಲ್ಲಿ ನೀರೇ ಇಲ್ಲದ ಮಗುವಿಗೆ ಕೈಯಲ್ಲಿ ನರ ಸಿಗಲಿಲ್ಲ, ಕಾಲಲ್ಲೂ ಸಿಗಲಿಲ್ಲ. ಕೊನೆಗೆ ಡಾಕ್ಟರು ಮೊಣಕಾಲ ಕೆಳಗಿನ ಎಲುಬಿಗೇ ಸೂಜಿ ಕೂರಿಸಿದರು. ಅದರ ಮೂಲಕ ಸಲಾಯಿನ್ ನೀರನ್ನು ಸಿರಿಂಜಿನಿಂದ ಒತ್ತುವ ಕೆಲಸ ನನ್ನದಾಯಿತು. ಸೂಜಿ ಚುಚ್ಚಿದರೂ ಮಗು ಅಳಲಿಲ್ಲ. ನನ್ನ ಹಿಂದೆಯೇ ಒಳಗೆ ಬಂದಿದ್ದ ಮಾಳವ್ವನಿಗೆ ಆಗ ಅರ್ಥವಾಯಿತು. ಗೋಡೆಯ ಬದಿಗೆ ಕುಸಿದು ಕೂತು ಬೀರಪ್ಪನ ಹೆಸರು ಹೇಳತೊಡಗಿದಳು.

ನನ್ನ ಎರಡೂ ಕೈ ಸಿರಿಂಜಿನ ಮೇಲೆ, ಒಂದು ಕಿವಿ ಹೊರಗೆ. ರೇಣುವಿನ ಅರಚಾಟ ಕೇಳುತ್ತಿರುವಷ್ಟು ಹೊತ್ತು ನನಗೆ ಚಿಂತೆಯಿಲ್ಲ. ಅಳು ಮಗನೇ, ಚೆನ್ನಾಗಿ ಅಳು ಎಂದು ಮನಸ್ಸಿನಲ್ಲೇ ಹುರಿದುಂಬಿಸಿದೆ.

ಇದ್ದಕ್ಕಿದ್ದಂತೆ ಹೊರಗಿನ ಅಳು ನಿಂತಿತು.

ಕಾಳು ಕೆಳಗಿಳಿದು ಉಸಿರಿನ ಹಾದಿಗೆ ಅಡ್ಡವಾಯಿತೇ? ಸಿರಿಂಜು ಬಿಟ್ಟು ಓಡುವಂತಿಲ್ಲ, ಓಡದೆ ಇರುವಂತೆಯೂ ಇಲ್ಲ. ಡಾಕ್ಟರು ನನ್ನ ಮುಖ ನೋಡಿದರು. ನಾನು ಸಿರಿಂಜು ಒತ್ತುತ್ತಲೇ ಇದ್ದೆ.

ಅಷ್ಟರಲ್ಲಿ ಬಾಗಿಲು ಸರಿಯಿತು. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾವನವರು ನಿಂತಿದ್ದರು.

"ಮನೀಷಾ," ಎಂದರು. ನನ್ನ ಹೆಸರು ಅವರಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. "ಸುಮ್ಮನಾಗ್ಯಾನ ಅಂತ ಅಂಜಬ್ಯಾಡ. ಹಣಿಗಿ ವಿಭೂತಿ ಹಚ್ಚಾಕ ಹೋದ್ನಿ, ಪುಡಿ ಮೂಗಿಗೆ ಹೋಗಿ ಸೀನಿದ. ಕಡ್ಲಿ ಹಾರಿ ಮನೋಜನ ಅಂಗಿ ಮ್ಯಾಲ ಬಿತ್ತು. ನೀ ಕೈ ಬಿಡಬ್ಯಾಡ."

ರೇಣು ಹಲ್ಲು ಕಿರಿದ. ನನಗೆ ನಗು, ಅಳು ಒಟ್ಟಿಗೇ ಬಂದವು. ಎರಡನ್ನೂ ನುಂಗಿ ಸಿರಿಂಜು ಒತ್ತಿದೆ. ನಾನು ಆಡಿದ ಒರಟು ಮಾತನ್ನು ಮುದುಕಪ್ಪ ಸಿಟ್ಟಾಗದೆ ತಿಳಿದುಕೊಂಡಿದ್ದರು, ಮೌನಕ್ಕೆ ನಾನು ಎಷ್ಟು ಹೆದರುತ್ತೇನೆಂದು ಲೆಕ್ಕ ಹಾಕಿ ಹೇಳಲು ಬಂದಿದ್ದರು. ಹೇಳಿಯಾದ ಮೇಲೂ ಅವರು ಹೋಗಲಿಲ್ಲ. ಕಂಬಳಿಯ ಮೇಲಿನ ಕೂಸನ್ನೇ ನೋಡುತ್ತ ನಿಂತರು.

ಇನ್ನೊಂದು ಸಿರಿಂಜು ಮುಗಿಯುವ ಹೊತ್ತಿಗೆ ಗುರುನಾಥನ ಪಾದ ಬೆಚ್ಚಗಾಗತೊಡಗಿತು. ತುಟಿ ಸೊಟ್ಟಗಾಯಿತು. ಕಾಲಿನಲ್ಲಿ ಸೂಜಿ ಇರುವುದು ಈಗ ತಿಳಿಯಿತೆಂಬಂತೆ ಅವನು ನನ್ನನ್ನು ದುರುಗುಟ್ಟಿ ನೋಡಿ, ಬಾಯಿ ಅಗಲಿಸಿ, ಚಾವಣಿ ಹಾರುವಂತೆ ಕೂಗಿದ.

ಮಾಳವ್ವ ಗಾಬರಿಯಿಂದ ಎದ್ದಳು. ಬಾಗಿಲಲ್ಲಿ ಅಯ್ಯನವರನ್ನು ಕಂಡು ಸೆರಗು ಎಳೆದುಕೊಂಡು, ಮೊಮ್ಮಗನ ಬಾಯಿಯ ಮೇಲೆ ಕೈಯಿಡಲು ಹೋದಳು. "ಸುಮ್ಮಕಿರೋ ನನ್ನಪ್ಪಾ, ಅಯ್ಯನೋರು ನಿಂತಾರ."

"ಅಳ್ಲಿ ಬಿಡವ್ವ," ಎಂದರು ಮಾವನವರು. "ಅಂವನ ಅಳಾ ಕೇಳ್ಲಾಕೇ ನಾ ನಿಂತೀನಿ."