ಗೊತ್ತಪ್ಪನ ಪ್ರಸಂಗಪೀಠ

ಅದು ಶುರುವಾದದ್ದು ಚಳಿಗಾಲದ ಒಂದು ಶುಕ್ರವಾರ, ಒಲೆಯ ಮೇಲೆ ಹಾಲು ಇನ್ನೂ ಕಾಯದ ಹೊತ್ತಿನಲ್ಲಿ. ನನ್ನ ತಂಗಿ ಹೊಲಿಗೆ ಯಂತ್ರವನ್ನು ಮಗುವಿನಂತೆ ಸೊಂಟಕ್ಕೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದಳು.

“ಅಣ್ಣಾ, ನನ್ನದೊಂದು ಮಾತನ್ನ ಕೊನೇವರೆಗೂ ಅವರು ಕೇಳಿದ ದಿನ ವಾಪಸ್ ಹೋಗ್ತೀನಿ. ಅಲ್ಲೀವರೆಗೂ ಇಲ್ಲೇ.”

ಅವಳ ಗಂಡ ಬಡಗಿ. ಚಿನ್ನದಂಥ ಕೈ, ಕಿವಿಗೆ ಮಾತ್ರ ಬೀಗ. ಯಾರು ಬಾಯಿ ತೆರೆದರೂ “ಗೊತ್ತು, ಗೊತ್ತು” ಅನ್ನುವನು. ಹಾಗಾಗಿ ಊರಿಗೆಲ್ಲ ಅವನು ಗೊತ್ತಪ್ಪ. ಚರ್ಚಿಗೆ ಹೊಸ ಪಾದ್ರಿಗಳು ಬಂದಿದ್ದರು. ಅವರು ನಿಂತು ಉಪದೇಶ ಹೇಳುವ ಪ್ರಸಂಗಪೀಠ ಮಾಡುವ ಕೆಲಸ ಇವನಿಗೆ ಬಿದ್ದಿತ್ತು. ಅಳತೆ ಕೇಳಿದರೆ ಮರ್ಯಾದೆ ಹೋದೀತೆಂದು, ಚರ್ಚಿನ ಗೂಟದಲ್ಲಿ ನೇತಾಡುತ್ತಿದ್ದ ನಿಲುವಂಗಿಯನ್ನೇ ಅಳೆದುಕೊಂಡು ಬಂದ. ಅದು ವರ್ಗವಾಗಿ ಹೋದ ಹಳೇ ಪಾದ್ರಿಗಳು ಮರೆತುಹೋದದ್ದು. ಅವರೋ ಎತ್ತರದಲ್ಲಿ ದೀಪದ ಕಂಬ. ಹೊಸಬರ ಅಂಗಿ ಮೊಳದುದ್ದ ಮಡಚಿ ಹೊಲಿಯಲು ನನ್ನ ತಂಗಿಯ ಹತ್ತಿರವೇ ಬಂದಿತ್ತು.

“ರೀ, ಆ ಗೂಟದ ಅಂಗಿ...” ಅಂದಳಂತೆ ಹಿಂದಿನ ರಾತ್ರಿ.

“ಗೊತ್ತು ಬಿಡೇ!”

ಭಾನುವಾರ ಗಂಟೆ ಹೊಡೆಯುವ ಮುಂಚೆ ಪೀಠ ಬಂತು. ಪಾದ್ರಿಗಳು ಅದರ ಹಿಂದೆ ಹೋದರು. ಹೋದವರು ಹೋದರೇ. ಬೋಳುತಲೆಯ ಅಂಚು ಮಾತ್ರ, ಮೂಡುತ್ತಿರುವ ಚಂದ್ರನಂತೆ.

ಮುಂದಿನ ಬೆಂಚಿನ ಅಜ್ಜಿ, “ಮೊಣಕಾಲೂರಿದ್ದು ಸಾಕು ಸ್ವಾಮೀ, ಏಳಿ,” ಅಂದಳು.

“ನಿಂತೇ ಇದ್ದೀನಿ ತಾಯೀ!” ಎಂದಿತು ಪೀಠ.

ಅಂದಿನ ಪ್ರಸಂಗ ಸೊಲೊಮೋನ ಅರಸನದು. ಏನು ಬೇಕು ಎಂದು ದೇವರು ಕೇಳಿದಾಗ ಅವನು ಸಿರಿ ಬೇಡಲಿಲ್ಲ. ನಾನು ಏನೂ ಅರಿಯದವನು, ಕಿವಿಗೊಡುವ ಮನಸ್ಸು ಕೊಡು ಎಂದನಂತೆ. “ಎಲ್ಲಾ ಬಲ್ಲೆ ಅನ್ನದೆ ಕಲಿಯೋನೇ ಜಾಣ,” ಎಂದಿತು ಪೀಠ. ಸಭೆಯವರ ಕತ್ತುಗಳೆಲ್ಲ ಗೊತ್ತಪ್ಪನ ಕಡೆ ತಿರುಗಿದವು.

ಸೋಮವಾರ ಬೆಳಿಗ್ಗೆ ಅವನು ಗರಗಸ ಹಿಡಿದು ನಮ್ಮ ಹೊಸ್ತಿಲಲ್ಲಿ ನಿಂತಿದ್ದ.

“ಭಾವ, ಅವಳನ್ನ ಸ್ವಲ್ಪ ಕರೀರಿ. ಪೀಠ ಎಷ್ಟು ಕೊಯ್ಯಲಿ ಅಂತ ಕೇಳ್ಬೇಕು.”

ತಂಗಿ ಬಂದಳು. “ಮೊದಲು ಗರಗಸ ಕೆಳಗಿಡಿ. ಆ ಪೀಠ...”

“ಗೊ...” ಅಂದವನೇ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಹಲ್ಲಿಗೆ ಅಡ್ಡ ಕಚ್ಚಿಕೊಂಡ.

“ಕೊಯ್ಯಲೇಬೇಡಿ. ಹಿಂದೆ ನಿಲ್ಲೋಕೆ ಒಂದು ಮಣೆ ಮಾಡಿ. ನಾಳೆ ಉದ್ದನೆಯವರು ಬಂದ್ರೆ ಸರಿಸಿದ್ರಾಯ್ತು.”

ಮುಗಿಯಿತು ಅಂದುಕೊಂಡೆ. ಎಲ್ಲಿ? ಮದುವೆಯಾದಾಗಿನಿಂದ ಅರ್ಧಕ್ಕೇ ನಿಂತಿದ್ದ ಮಾತುಗಳೆಲ್ಲ ಸಾಲುಗಟ್ಟಿ ಬಂದವು. ಊಟದ ಹೊತ್ತಿಗೆ ಪೆನ್ಸಿಲು ಎರಡು ತುಂಡಾಯಿತು. ಅವನು ಅದನ್ನು ಉಗಿದು, “ಆಮೇಲೆ?” ಅಂದ.

ತಂಗಿ ಯಂತ್ರವನ್ನು ಅವನ ಹೆಗಲಿಗೆ ಹೊರಿಸಿ, ಇನ್ನೂ ಮಾತಾಡುತ್ತಲೇ ನಮ್ಮ ಮನೆಯಿಂದ ಹೊರಟದ್ದು ಆ ಸೋಮವಾರವೇ.